ಬಾಗಿಲು ತೆರೆದ ದೊರೆ: ನಾಲ್ವಡಿ ಕೃಷ್ಣರಾಜ ಒಡೆಯರು

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಬಂದು ಈ ಠಾಣೆಯ ವರ್ತಕ ನಗರದಲ್ಲಿ ನೆಲೆಸಿದ ಕನ್ನಡಿಗರು ನಾವು. ವರ್ಷಕ್ಕೊಮ್ಮೆ ನವೆಂಬರ್ ತಿಂಗಳಲ್ಲಿ ಒಂದೆಡೆ ಕಲೆತು ರಾಜ್ಯೋತ್ಸವವನ್ನು ಆಚರಿಸುವಾಗ ನಾಡಿಗಾಗಿ ದುಡಿದ ಹಿರಿಯರಲ್ಲಿ ಒಬ್ಬರನ್ನಾದರೂ ನೆನೆಯುವುದು ವಾಡಿಕೆ. ಈ ಸಲದ ಸಂಚಿಕೆಯಲ್ಲಿ ನಾವು ನೆನೆಯಲಿರುವವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರನ್ನು. ಅವರ ಹೆಸರು ಕೇಳದ ಕನ್ನಡಿಗರಿಲ್ಲ. ಕನ್ನಂಬಾಡಿಯ ಅಣೆಕಟ್ಟು, ಬೆಂಗಳೂರಿನ ವಿದ್ಯುದ್ದೀಪ, ಮೈಸೂರಿನ ವಿಶ್ವವಿದ್ಯಾನಿಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇವೆಲ್ಲ ಅವರ ಕಾಲದ ಕೊಡುಗೆಗಳೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅವರು ಮಾಡಿದ ಇನ್ನೊಂದು ಕೆಲಸದ ಮಾತು ಸಭೆ ಸಮಾರಂಭಗಳಲ್ಲಿ ಅಷ್ಟಾಗಿ ಬರುವುದಿಲ್ಲ. ವಿದ್ಯೆಯಲ್ಲಿಯೂ ಸರ್ಕಾರಿ ನೌಕರಿಯಲ್ಲಿಯೂ ಹಿಂದುಳಿದವರಿಗೆ ಪಾಲು ಕಾದಿರಿಸಿದ ಕೆಲಸವೇ ಅದು.

ಆ ಮಾತು ಬಾರದಿರುವುದಕ್ಕೆ ಕಾರಣವೂ ಇದೆ. ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಮನೆಗಳಲ್ಲಿ ಮಕ್ಕಳ ಅಂಕಪಟ್ಟಿ, ಕಾಲೇಜಿನ ಅರ್ಜಿ, ಜಾತಿಯ ಸರ್ಟಿಫಿಕೇಟು ಇವುಗಳದೇ ಚಿಂತೆ. ಒಬ್ಬರ ಮನೆಯಲ್ಲಿ ಮೀಸಲಾತಿಯಿಂದ ತಮ್ಮ ಮಗುವಿಗೆ ಸೀಟು ತಪ್ಪಿತೆಂಬ ನೋವು. ಪಕ್ಕದ ಮನೆಯಲ್ಲಿ ಮೀಸಲಾತಿ ಇಲ್ಲದಿದ್ದರೆ ತಮ್ಮ ಕುಲದಲ್ಲಿ ಒಬ್ಬನೂ ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲವೆಂಬ ಅರಿವು. ಈ ಇಬ್ಬರೂ ನಮ್ಮ ಸಂಘದ ಸದಸ್ಯರೇ. ರಾಜ್ಯೋತ್ಸವದ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವವರೇ. ಮನಸ್ಸು ಕೆಡಬಾರದೆಂದು ಈ ವಿಷಯವನ್ನು ಎತ್ತದೆ ಇರುತ್ತೇವೆ. ಆದರೆ ಮಾತಾಡದೆ ಇಟ್ಟ ವಿಷಯ ಮನಸ್ಸಿನಲ್ಲಿಯೇ ಹುಳಿಯಾಗುತ್ತದೆ. ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆ ಒಬ್ಬ ಕನ್ನಡ ದೊರೆಯ ಮುಂದೆ ಬಂದಿತ್ತು. ಅವರು ಅದನ್ನು ಹೇಗೆ ಎದುರಿಸಿದರೆಂದು ತಿಳಿದರೆ ನಮಗೂ ಒಂದಿಷ್ಟು ಬೆಳಕು ಸಿಕ್ಕೀತು.

ಕೃಷ್ಣರಾಜ ಒಡೆಯರು ಜನಿಸಿದ್ದು 1884ರ ಜೂನ್ 4ರಂದು, ಮೈಸೂರಿನ ಅರಮನೆಯಲ್ಲಿ. ತಂದೆ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದಾಗ ಅಲ್ಲಿಯೇ ತೀರಿಕೊಂಡರು. ಆಗ ಮಗನಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು ವೈಧವ್ಯದ ದುಃಖವನ್ನು ನುಂಗಿಕೊಂಡು ರಾಜಪ್ರತಿನಿಧಿಯಾಗಿ ಏಳು ವರ್ಷಗಳಿಗೂ ಮಿಕ್ಕಿ ರಾಜ್ಯದ ಭಾರ ಹೊತ್ತರು. ಬಾಲಕನಿಗೆ ಇಂಗ್ಲಿಷ್ ವಿದ್ಯೆಯ ಜೊತೆಗೆ ಕನ್ನಡ, ಸಂಸ್ಕೃತ, ಸಂಗೀತ, ಕುದುರೆ ಸವಾರಿ ಎಲ್ಲದರಲ್ಲಿಯೂ ಶಿಕ್ಷಣ ದೊರೆಯಿತು. 1902ರ ಆಗಸ್ಟ್ 8ರಂದು, ಹದಿನೆಂಟು ತುಂಬಿದ ತರುಣ ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಅಂದಿನಿಂದ 1940ರವರೆಗೆ ಮೂವತ್ತೆಂಟು ವರ್ಷಗಳ ಕಾಲ ಅವರ ಆಳ್ವಿಕೆ ನಡೆಯಿತು.

ಆ ಆಳ್ವಿಕೆಯ ಹಿರಿಮೆಯನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟುವ ಕೆಲಸ ಮೊದಲಾಯಿತು. 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎನಿಸಿ, 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದ ಆ ಬ್ಯಾಂಕಿನ ಹೆಸರನ್ನು ನಮ್ಮಂಥ ಬ್ಯಾಂಕ್ ನೌಕರರು ಇಂದಿಗೂ ಅಭಿಮಾನದಿಂದ ನೆನೆಯುತ್ತೇವೆ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುವು. ಇಷ್ಟೆಲ್ಲ ಏಳಿಗೆಯ ನಡುವೆಯೂ ದೊರೆಗಳ ಮನಸ್ಸನ್ನು ಕಾಡಿದ ಪ್ರಶ್ನೆ ಒಂದಿತ್ತು. ದೀಪ ಹತ್ತಿತು ನಿಜ. ಆದರೆ ಅದರ ಬೆಳಕು ಯಾರ ಯಾರ ಮನೆಗೆ ಬಿತ್ತು?

ಆಗಿನ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 58 ಲಕ್ಷ. ಅದರಲ್ಲಿ ಬ್ರಾಹ್ಮಣರು ನೂರಕ್ಕೆ ನಾಲ್ವರಷ್ಟೂ ಇರಲಿಲ್ಲ. ಆದರೆ ಸರ್ಕಾರದ ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನ ಪಾಲು ಅವರ ಕೈಯಲ್ಲಿತ್ತು. ಇದನ್ನು ಯಾರೋ ಒಬ್ಬರು ಕೂಡಿ ಹೂಡಿದ ಸಂಚೆಂದು ಹೇಳುವುದು ಸರಿಯಲ್ಲ. ಓದು ಬರಹವೇ ಬದುಕಾಗಿದ್ದ ಮನೆತನಗಳು ಇಂಗ್ಲಿಷ್ ವಿದ್ಯೆ ಬಂದ ಕೂಡಲೆ ಅದನ್ನು ಹಿಡಿದುಕೊಂಡವು, ಪಟ್ಟಣ ಸೇರಿದವು, ಪರೀಕ್ಷೆಗಳಲ್ಲಿ ಮುಂದೆ ನಿಂತವು. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆ ಏರ್ಪಟ್ಟಿತು. ಪರೀಕ್ಷೆ ಎಲ್ಲರಿಗೂ ತೆರೆದಿತ್ತು. ಆದರೆ ನೇಗಿಲು ಹಿಡಿದವನ ಮಗ, ಮಗ್ಗದ ಮುಂದೆ ಕುಳಿತವನ ಮಗ, ಊರ ಹೊರಗಿನ ಕೇರಿಯವನ ಮಗ ಆ ಪರೀಕ್ಷೆಯ ಕೋಣೆಯವರೆಗೆ ಬರುವ ದಾರಿಯೇ ಇರಲಿಲ್ಲ.

ವಿಚಿತ್ರವೆಂದರೆ ಮೈಸೂರಿನಲ್ಲಿ ನೌಕರಿಯ ವಿಚಾರವಾಗಿ ಮೊದಲು ಎದ್ದ ಕೂಗು ಜಾತಿಯದಲ್ಲ. ಒಳಗಿನವರು, ಹೊರಗಿನವರು ಎಂಬುದು. ಮದರಾಸಿನ ಕಡೆಯಿಂದ ಬಂದ ವಿದ್ಯಾವಂತರು ದೊಡ್ಡ ದೊಡ್ಡ ಹುದ್ದೆಗಳನ್ನು ಹಿಡಿದಿದ್ದಾರೆ, ಮೈಸೂರಿನ ಮಕ್ಕಳಿಗೆ ಜಾಗವಿಲ್ಲ ಎಂದು ಮೈಸೂರಿನ ಬ್ರಾಹ್ಮಣ ತರುಣರೇ ದೂರಿದರು. 1960ರ ದಶಕದಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನು ಕಂಡ ನಮ್ಮ ಹಿರಿಯರಿಗೆ ಈ ಮಾತಿನ ಬಿಸಿ ಗೊತ್ತು. ನಮ್ಮ ನೆಲದಲ್ಲಿ ನಮಗೆ ಪಾಲು ಬೇಕೆಂದು ಒಬ್ಬರು ಕೇಳಿದ ಮೇಲೆ, ಅದೇ ನ್ಯಾಯದಿಂದ ಇನ್ನೊಬ್ಬರು ಕೇಳಿದಾಗ ಅದು ಅನ್ಯಾಯವೆನ್ನಲು ಬರುವುದಿಲ್ಲವಷ್ಟೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಳಿದ ಸಮಾಜಗಳೂ ಎಚ್ಚೆತ್ತವು. 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಹಳ್ಳಿಯ ಹುಡುಗರಿಗೆ ಪಟ್ಟಣದಲ್ಲಿ ಊಟ ವಸತಿ ಒದಗಿಸುವುದೇ ಇಂಥ ಸಂಸ್ಥೆಗಳ ಮೊದಲ ಚಿಂತೆಗಳಲ್ಲಿ ಒಂದಾಗಿತ್ತು. ಆಗ ಪಂಚಮರೆಂದು ಕರೆಯಲ್ಪಡುತ್ತಿದ್ದ ಜನರ ಸ್ಥಿತಿಯಂತೂ ಇನ್ನೂ ಕಷ್ಟ. ಅವರ ಮಕ್ಕಳು ಸರ್ಕಾರಿ ಶಾಲೆಯ ಒಳಗೆ ಬಂದರೆ ಉಳಿದವರು ಮಕ್ಕಳನ್ನು ಎಬ್ಬಿಸಿಕೊಂಡು ಹೋಗುತ್ತಿದ್ದ ಕಾಲವದು. 1915ರಲ್ಲಿ ಸರ್ಕಾರಿ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲ ಮಕ್ಕಳಿಗೂ ತೆರೆದಿರಬೇಕೆಂಬ ಆಜ್ಞೆ ಹೊರಟಿತು. ವಿದ್ಯಾ ಇಲಾಖೆಯಲ್ಲಿದ್ದ ಸಿ. ಆರ್. ರೆಡ್ಡಿಯವರು ಇದರ ಪರವಾಗಿ ದೃಢವಾಗಿ ನಿಂತರು. ಬಲವಾದ ವಿರೋಧ ಬಂತು. ದೊರೆಗಳು ಆಜ್ಞೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಧರ್ಮಶ್ರದ್ಧೆಯುಳ್ಳವರು, ನಿತ್ಯಪೂಜೆ ತಪ್ಪಿಸದವರು ಅವರು. ಅಂಥವರು ಈ ವಿಷಯದಲ್ಲಿ ಅಲುಗದೆ ನಿಂತದ್ದು ಸಣ್ಣ ಮಾತಲ್ಲ.

1917ರಲ್ಲಿ ಪ್ರಜಾಮಿತ್ರ ಮಂಡಳಿ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಮುಂತಾದ ಬ್ರಾಹ್ಮಣೇತರ ಮುಖಂಡರು ಅದರಲ್ಲಿ ಒಂದುಗೂಡಿದರು. ಎಂ. ಬಸವಯ್ಯ, ಎಚ್. ಚನ್ನಯ್ಯ, ಗುಲಾಂ ಅಹಮದ್ ಕಲಾಮಿ ಇವರು ಮುಂದಾಳುಗಳಲ್ಲಿ ಕೆಲವರು. 1918ರಲ್ಲಿ ಅವರು ಮಹಾರಾಜರಿಗೆ ಬಿನ್ನವತ್ತಳೆಯನ್ನು ಅರ್ಪಿಸಿ, ತೆರಿಗೆ ಕೊಡುವವರಲ್ಲಿ ಬಹುಪಾಲು ತಾವಾಗಿದ್ದರೂ ಸರ್ಕಾರದ ಕಚೇರಿಗಳಲ್ಲಿ ತಮ್ಮವರು ಕಾಣುವುದಿಲ್ಲವೆಂದು ತೋಡಿಕೊಂಡರು.

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. 1912ರಿಂದ ಅವರು ಆ ಸ್ಥಾನದಲ್ಲಿದ್ದು ಮೈಸೂರನ್ನು ಇಡೀ ದೇಶವೇ ತಿರುಗಿ ನೋಡುವಂತೆ ಮಾಡಿದ್ದರು. ನಮ್ಮ ಈ ಮುಂಬಯಿ ಪ್ರಾಂತಕ್ಕೂ ಅವರು ಪರಕೀಯರಲ್ಲ. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದವರು. ಹುದ್ದೆಗೆ ಯೋಗ್ಯತೆಯೊಂದೇ ಅಳತೆಗೋಲಾಗಿರಬೇಕು, ಜಾತಿಯನ್ನು ನೋಡಿ ನೇಮಿಸಿದರೆ ಆಡಳಿತದ ದಕ್ಷತೆ ಕುಂದುತ್ತದೆ, ಹಿಂದುಳಿದವರನ್ನು ಮೇಲೆತ್ತಲು ಶಾಲೆ ಮತ್ತು ವಿದ್ಯಾರ್ಥಿವೇತನವೇ ಸರಿಯಾದ ದಾರಿ ಎಂಬುದು ಅವರ ನಿಶ್ಚಿತ ಅಭಿಪ್ರಾಯ. ಅದು ಬರಿಯ ಬಾಯಿಮಾತಾಗಿರಲಿಲ್ಲ. ಅವರ ದಿವಾನಗಿರಿಯ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಎರಡು ಪಟ್ಟಿಗೂ ಮಿಗಿಲಾಗಿ ಬೆಳೆಯಿತು. ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನಗಳೂ ಏರ್ಪಟ್ಟವು. ಬಡತನದಲ್ಲಿ ಬೆಳೆದ ಅವರೇ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಗೆ ಹೋಗಿ ಓದಿದವರು. ತಮಗೆ ದಾರಿಯಾದದ್ದು ಎಲ್ಲರಿಗೂ ದಾರಿಯಾದೀತೆಂದು ಅವರು ನಂಬಿದ್ದರಲ್ಲಿ ತಪ್ಪೇನೂ ಕಾಣದು.

ಆದರೆ ಇನ್ನೊಂದು ಪಕ್ಷದ ಮಾತಿನಲ್ಲಿಯೂ ತಿರುಳಿತ್ತು. ಶಾಲೆ ಇಂದು ತೆರೆದರೆ ಅದರ ಫಲ ಕಚೇರಿಗೆ ಬರುವುದು ಇಪ್ಪತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಇನ್ನೊಂದು ತಲೆಮಾರು ಹೊರಗೇ ನಿಂತಿರುತ್ತದೆ. ಅದೂ ಅಲ್ಲದೆ, ಓದಿ ಪಾಸಾದ ಹಳ್ಳಿಯ ಹುಡುಗನಿಗೂ ಕಚೇರಿಯಲ್ಲಿ ತನ್ನವರೆನ್ನುವವರು ಇಲ್ಲದಿದ್ದರೆ ನೌಕರಿ ಖಾಲಿ ಇರುವ ಸುದ್ದಿಯೇ ಮುಟ್ಟುವುದಿಲ್ಲ. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ದುಡಿಯುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸಾಲಕ್ಕೆ ಜಾಮೀನು ಕೇಳುವುದು ವ್ಯವಹಾರದ ನಿಯಮ. ಅದರಲ್ಲಿ ಯಾರ ಮೇಲೂ ದ್ವೇಷವಿಲ್ಲ. ಆದರೆ ಮೂರು ತಲೆಮಾರಿನಿಂದ ಕೂಲಿ ಮಾಡಿದವನು ಜಾಮೀನನ್ನು ಎಲ್ಲಿಂದ ತರಬೇಕು? ನಿಯಮ ಎಲ್ಲರಿಗೂ ಒಂದೇ. ಆದರೂ ಒಬ್ಬನಿಗೆ ಅದು ಬಾಗಿಲು, ಇನ್ನೊಬ್ಬನಿಗೆ ಗೋಡೆ.

ಇಂಥ ಇಕ್ಕಟ್ಟಿನಲ್ಲಿ ದೊರೆಗಳು ಸಿಕ್ಕಿಕೊಂಡರು. ಒಂದು ಕಡೆ ತಾವೇ ಆರಿಸಿ ತಂದ, ತಮಗೆ ಅತ್ಯಂತ ಪ್ರಿಯರಾದ ಸಮರ್ಥ ದಿವಾನರು. ಇನ್ನೊಂದು ಕಡೆ ಅರಮನೆಯ ಬಾಗಿಲಿಗೆ ಬಂದು ನಿಂತ ಪ್ರಜೆಗಳು. ಅವರು ದುಡುಕಲಿಲ್ಲ, ಹಾಗೆಂದು ಪ್ರಶ್ನೆಯನ್ನು ಮೂಲೆಗೆ ತಳ್ಳಲೂ ಇಲ್ಲ. 1918ರ ಆಗಸ್ಟಿನಲ್ಲಿ ಮೈಸೂರಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಕೇಳುವ ಪಕ್ಷದವರೂ ಒಪ್ಪದ ಪಕ್ಷದವರೂ ಅದರಲ್ಲಿ ಒಟ್ಟಿಗೆ ಕುಳಿತರು. ಅದೇ ವರ್ಷದ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟುಕೊಟ್ಟರು. ಅದಕ್ಕೆ ಬೇರೆ ಕಾರಣಗಳನ್ನು ಕೂಡಿಸುವವರೂ ಉಂಟು. ಆದರೆ ಈ ವಿಷಯದ ಭಿನ್ನಾಭಿಪ್ರಾಯವೇ ಮುಖ್ಯವಾದದ್ದೆಂದು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಅವರ ತರುವಾಯ ರಾಜಮನೆತನದ ಬಂಧುಗಳಾದ ಸರ್ದಾರ್ ಕಾಂತರಾಜೇ ಅರಸಿನವರು ದಿವಾನರಾದರು.

ಮಿಲ್ಲರ್ ಸಮಿತಿ 1919ರಲ್ಲಿ ವರದಿಯನ್ನು ಒಪ್ಪಿಸಿತು. ಏಳು ವರ್ಷಗಳ ಒಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಬ್ರಾಹ್ಮಣೇತರ ಸಮಾಜಗಳಿಗೆ ಸಿಗುವಂತಾಗಬೇಕು. ಅವರಲ್ಲಿಯೂ ತಕ್ಕ ವಿದ್ಯೆಯುಳ್ಳ ದಲಿತ ಅಭ್ಯರ್ಥಿಗಳು ದೊರೆತರೆ ಅವರಿಗೆ ಆದ್ಯತೆ ಇರಬೇಕು ಎಂಬುದು ಅದರ ಸಾರ. ಜೊತೆಗೆ ವಿದ್ಯಾರ್ಥಿವೇತನ, ವಿದ್ಯಾಭ್ಯಾಸದ ಸೌಕರ್ಯಗಳನ್ನು ಹೆಚ್ಚಿಸಬೇಕೆಂಬ ಸಲಹೆಯೂ ಇತ್ತು. ದೊರೆಗಳ ಸರ್ಕಾರ ಇದನ್ನು ಬಹುಮಟ್ಟಿಗೆ ಒಪ್ಪಿ 1921ರ ಮೇ ತಿಂಗಳಲ್ಲಿ ಆಜ್ಞೆ ಹೊರಡಿಸಿತು. ಪಕ್ಕದ ಮದರಾಸ್ ಪ್ರಾಂತದಲ್ಲಿ ಇಂಥ ಆಜ್ಞೆ ಹೊರಟದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ನಾವು ಬಾಳುತ್ತಿರುವ ಮಹಾರಾಷ್ಟ್ರದ ನೆಲದಲ್ಲಿ ಇದಕ್ಕೂ ಮೊದಲೇ ಈ ದೀಪ ಹೊತ್ತಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕೊಲ್ಲಾಪುರದ ಶಾಹು ಮಹಾರಾಜರು 1902ರ ಜುಲೈ 26ರಂದು ತಮ್ಮ ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಹಾಗಾಗಿ ಆ ಆಜ್ಞೆ ಕನ್ನಡಿಗರ ಮನೆಗಳಿಗೂ ಮುಟ್ಟಿತು. ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣರಾದ ಕುದ್ಮುಲ್ ರಂಗರಾಯರು ತಮ್ಮವರ ಬಹಿಷ್ಕಾರವನ್ನೂ ಸಹಿಸಿ ದಲಿತರ ಮಕ್ಕಳಿಗೆ ಶಾಲೆ ನಡೆಸಿದರು. ಮೈಸೂರಿನವರು, ಮುಂಬಯಿ ಕರ್ನಾಟಕದವರು, ದಕ್ಷಿಣ ಕನ್ನಡದವರು ಎಂದು ನಮ್ಮಲ್ಲಿ ಹಲವು ಸೀಮೆಯವರಿದ್ದೇವೆ. ಪ್ರತಿಯೊಂದು ಸೀಮೆಯಲ್ಲಿಯೂ ಈ ಬಾಗಿಲನ್ನು ತಟ್ಟಿದವರು ಇದ್ದರು, ತೆರೆದವರೂ ಇದ್ದರು.

1921ರ ಆಜ್ಞೆಯಿಂದ ಎಲ್ಲವೂ ಒಮ್ಮೆಗೇ ಸರಿಯಾಯಿತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಏಳು ವರ್ಷ ಕಳೆದರೂ ಗುರಿ ಪೂರ್ತಿ ಮುಟ್ಟಲಿಲ್ಲ. ಇನ್ನೊಂದು ಕುಂದೂ ಇತ್ತು. ಬ್ರಾಹ್ಮಣರು, ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಇವರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರೆಂದು ಒಂದೇ ಗಂಟಿಗೆ ಕಟ್ಟಿದುದರಿಂದ, ಆ ಗಂಟಿನೊಳಗೆ ಭೂಮಿಯೂ ಬಲವೂ ಇದ್ದ ದೊಡ್ಡ ಸಮಾಜಗಳಿಗೆ ಹೆಚ್ಚು ದಕ್ಕಿತು. ಸಣ್ಣ ಕಸುಬಿನವರಿಗೂ ದಲಿತರಿಗೂ ದಕ್ಕಿದ್ದು ಅತ್ಯಲ್ಪ. ಬ್ರಾಹ್ಮಣರಲ್ಲಿ ಬಡವರಾಗಿದ್ದವರ ಮಕ್ಕಳು ನೌಕರಿ ಹುಡುಕುತ್ತ ಸಂಸ್ಥಾನದ ಹೊರಕ್ಕೆ ಹೋಗಬೇಕಾಯಿತು. ಹಾಗೆ ಊರು ಬಿಟ್ಟವರ ಮೊಮ್ಮಕ್ಕಳು ಇಂದು ನಮ್ಮ ನಡುವೆ ಇರಬಹುದು. ಊರಿನಲ್ಲಿ ಹಿಡಿ ನೆಲವಿಲ್ಲದೆ, ಶಾಲೆಯ ಮುಖ ಕಾಣದೆ, ಹೋಟೆಲುಗಳಲ್ಲಿ ತಟ್ಟೆ ತೊಳೆದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರ ಮೊಮ್ಮಕ್ಕಳೂ ಇದ್ದಾರೆ. ಒಂದೇ ಚರಿತ್ರೆಯ ಎರಡು ಮುಖಗಳು ಪೋಖರಣ ರಸ್ತೆಯ ಆಸುಪಾಸಿನಲ್ಲಿ ಇಂದು ನೆರೆಹೊರೆಯಾಗಿ ಬಾಳುತ್ತಿವೆ.

ಆದರೂ ಬಾಗಿಲು ತೆರೆದದ್ದರಿಂದ ನಾಡಿಗೆ ಬಂದ ಲಾಭವನ್ನು ಅಳೆಯುವುದು ಕಷ್ಟ. ಬರಿಯ ಆಜ್ಞೆಯಿಂದಲ್ಲ, ಶಾಲೆ, ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ, ವಿಶ್ವವಿದ್ಯಾನಿಲಯ ಎಲ್ಲವೂ ಕೂಡಿ ಬಂದದ್ದರಿಂದ ಹಳ್ಳಿಗಳ ಪ್ರತಿಭೆ ಹೊರಬಿತ್ತು. ಮಲೆನಾಡಿನ ಒಕ್ಕಲು ಮನೆಯಿಂದ ಬಂದ ಕೆ. ವಿ. ಪುಟ್ಟಪ್ಪನವರು ಮೈಸೂರಿನಲ್ಲಿ ಓದಿ, 1929ರಲ್ಲಿ ಅಲ್ಲಿಯೇ ಅಧ್ಯಾಪಕರಾಗಿ, 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಅವರನ್ನು ಕೈಹಿಡಿದು ಕನ್ನಡದ ಕಡೆಗೆ ನಡೆಸಿದ ಗುರುಗಳು ಬ್ರಾಹ್ಮಣರಾದ ಟಿ. ಎಸ್. ವೆಂಕಣ್ಣಯ್ಯನವರು, ಶಿಷ್ಯರು ತಮ್ಮ ರಾಮಾಯಣ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಬ್ರಾಹ್ಮಣರಾದ ಗೋಪಾಲಸ್ವಾಮಿ ಅಯ್ಯರವರೂ ದಲಿತ ವಿದ್ಯಾರ್ಥಿಗಳ ಸೇವೆಗೆ ಜೀವನವನ್ನು ಮುಡಿಪಿಟ್ಟರು. ಪಾಲು ಕೇಳುವ ಜಗಳ ಕಚೇರಿಗಳಲ್ಲಿ ನಡೆಯುತ್ತಿದ್ದಾಗಲೇ ಪಾಠಶಾಲೆಗಳಲ್ಲಿ ಹೀಗೆ ಕೈಗೆ ಕೈ ಸೇರುತ್ತಿತ್ತು.

ದೊರೆಗಳ ದೊಡ್ಡತನ ಎದ್ದು ಕಾಣುವ ಇನ್ನೊಂದು ಸಂಗತಿಯಿದೆ. ವಿಶ್ವೇಶ್ವರಯ್ಯನವರೊಡನೆ ಅಭಿಪ್ರಾಯಭೇದ ಬಂದಿತೇ ಹೊರತು ವೈರ ಬರಲಿಲ್ಲ. ಭದ್ರಾವತಿಯ ಕಾರ್ಖಾನೆ ನಷ್ಟದ ದಾರಿ ಹಿಡಿದಾಗ 1923ರಲ್ಲಿ ಅದನ್ನು ಸರಿಪಡಿಸಲು ಅವರನ್ನೇ ಕರೆಸಲಾಯಿತು. ಅವರೂ ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಬಂದು ವರ್ಷಗಟ್ಟಲೆ ದುಡಿದರು. ಆ ಕೆಲಸದಿಂದ ಬಂದ ಸಂಭಾವನೆ ಮುಂದೆ ಬೆಂಗಳೂರಿನಲ್ಲಿ ತರುಣರಿಗೆ ಕಸುಬು ಕಲಿಸುವ ಸಂಸ್ಥೆಗೆ ಸಂದಿತು. ಒಬ್ಬರು ಬಾಗಿಲು ಅಗಲವಾಗಬೇಕೆಂದರು, ಇನ್ನೊಬ್ಬರು ಒಳಗೆ ಬರುವವರ ಕಾಲು ಗಟ್ಟಿಯಾಗಬೇಕೆಂದರು. ನಾಡಿಗೆ ಎರಡೂ ಬೇಕಾಗಿದ್ದವು.

ಖಾಸಗಿ ಬಾಳಿನಲ್ಲಿ ಕೃಷ್ಣರಾಜರು ಮಿತಭಾಷಿಗಳು. ಸಂಗೀತವೆಂದರೆ ಪ್ರಾಣ, ಪಿಟೀಲು, ವೀಣೆ ಮುಂತಾದ ಹಲವು ವಾದ್ಯಗಳನ್ನು ಬಲ್ಲವರು. 1931ರಲ್ಲಿ ಕೈಲಾಸ ಮಾನಸ ಸರೋವರದ ಕಠಿಣ ಯಾತ್ರೆಯನ್ನು ಪೂರೈಸಿದರು. ಗಾಂಧೀಜಿಯವರು ಅವರನ್ನು ರಾಜರ್ಷಿಯೆಂದು ಗೌರವಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಅವರಿಗೆ ಮಕ್ಕಳಿರಲಿಲ್ಲ. 1940ರ ಆಗಸ್ಟ್ 3ರಂದು ಐವತ್ತಾರನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಅವರು ಕಣ್ಣುಮುಚ್ಚಿದರು. ಇಡೀ ಸಂಸ್ಥಾನ ಮನೆಯ ಹಿರಿಯನನ್ನು ಕಳೆದುಕೊಂಡಂತೆ ಕಣ್ಣೀರಿಟ್ಟಿತು.

ಅವರು ಹೊತ್ತಿಸಿದ ಚರ್ಚೆ ಅವರೊಂದಿಗೆ ಮುಗಿಯಲಿಲ್ಲ. ಸ್ವತಂತ್ರ ಭಾರತದ ಸಂವಿಧಾನದಲ್ಲಿ ಮೀಸಲಾತಿಗೆ ಸ್ಥಾನ ದೊರೆಯಿತು. 1962ರಲ್ಲಿ ಮೈಸೂರು ಸರ್ಕಾರ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ 68 ಸೀಟುಗಳನ್ನು ಮೀಸಲಿಟ್ಟಾಗ, ಸುಪ್ರೀಂ ಕೋರ್ಟು ಬಾಲಾಜಿ ಮೊಕದ್ದಮೆಯಲ್ಲಿ ಅದನ್ನು ರದ್ದುಮಾಡಿ, ಸಾಮಾನ್ಯವಾಗಿ ಮೀಸಲಾತಿ ಅರ್ಧಕ್ಕಿಂತ ಕಡಿಮೆಯಿರಬೇಕೆಂದಿತು. ಇಂದು ಇಡೀ ದೇಶ ಮಾತಾಡುವ ಐವತ್ತರ ಮಿತಿ ಹುಟ್ಟಿದ್ದು ಹೀಗೆ, ನಮ್ಮ ನಾಡಿನ ಮೊಕದ್ದಮೆಯಿಂದ. ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಿದ ಹಳೆಯ ಕುಂದನ್ನು ತಿದ್ದಲು ದೇವರಾಜ ಅರಸರು 1972ರಲ್ಲಿ ಹಾವನೂರರ ಆಯೋಗವನ್ನು ನೇಮಿಸಿದರು. 1975ರಲ್ಲಿ ವರದಿ, 1977ರಲ್ಲಿ ಆಜ್ಞೆ ಬಂತು. 1992ರಲ್ಲಿ ಕೇಂದ್ರದ ನೌಕರಿಗಳಲ್ಲಿ ಹಿಂದುಳಿದ ವರ್ಗಗಳಿಗೆ ನೂರಕ್ಕೆ 27 ಸ್ಥಿರವಾಯಿತು. ಅವರಲ್ಲಿ ಅನುಕೂಲಸ್ಥರನ್ನು ಬಿಟ್ಟುಕೊಡಬೇಕೆಂಬ ನಿಯಮವೂ ಬಂತು. 2019ರಲ್ಲಿ ಮೀಸಲಾತಿಗೆ ಒಳಪಡದ ವರ್ಗಗಳ ಬಡವರಿಗೆ ನೂರಕ್ಕೆ 10 ಏರ್ಪಟ್ಟಿತು. ಮಹಾರಾಷ್ಟ್ರದಲ್ಲಿ ಮರಾಠರಿಗಾಗಿ 2018ರಲ್ಲಿ ಮಾಡಿದ ಕಾನೂನು 2021ರಲ್ಲಿ ಬಿದ್ದುಹೋಗಿ, 2024ರಲ್ಲಿ ಹೊಸ ಕಾನೂನು ಬಂತು. 1918ರಲ್ಲಿ ಅರಮನೆಯ ಬಾಗಿಲಲ್ಲಿ ಕೇಳಿದ ವಾದ ಪ್ರತಿವಾದಗಳೇ ಇಂದಿಗೂ ಕೇಳುತ್ತಿವೆ.

ಹೊರನಾಡಿನಲ್ಲಿರುವ ನಮಗಂತೂ ಇದರಲ್ಲಿ ಬೇರೊಂದು ತೊಡಕಿದೆ. ಅದನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಕರ್ನಾಟಕದಲ್ಲಿ ಮೀಸಲಾತಿಗೆ ಅರ್ಹವಾದ ಕುಟುಂಬ ಇಲ್ಲಿಗೆ ಬಂದ ಮಾತ್ರಕ್ಕೆ ಮಹಾರಾಷ್ಟ್ರ ಸರ್ಕಾರದ ಮೀಸಲಾತಿಗೆ ಅರ್ಹವಾಗುವುದಿಲ್ಲ. ಆಂಧ್ರದಿಂದ ತಂದೆಯೊಡನೆ ಮುಂಬಯಿಗೆ ಬಂದ ಪರಿಶಿಷ್ಟ ಪಂಗಡದ ವಿದ್ಯಾರ್ಥಿಯೊಬ್ಬ ಇಲ್ಲಿ ವೈದ್ಯಕೀಯ ಸೀಟು ಕೇಳಿದಾಗ, ಒಂದು ರಾಜ್ಯದ ಪಟ್ಟಿ ಆ ರಾಜ್ಯಕ್ಕೆ ಮಾತ್ರ ಸಂಬಂಧಿಸಿದ್ದೆಂದು 1990ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮಹಾರಾಷ್ಟ್ರದಲ್ಲಿ ಜಾತಿಯ ಸರ್ಟಿಫಿಕೇಟು ಪಡೆಯಲು ಪರಿಶಿಷ್ಟ ಜಾತಿಯವರ ಹಿರಿಯರು 1950ರ ಆಗಸ್ಟ್ 10ಕ್ಕೂ, ಇತರ ಹಿಂದುಳಿದ ವರ್ಗದವರ ಹಿರಿಯರು 1967ರ ಅಕ್ಟೋಬರ್ 13ಕ್ಕೂ ಮೊದಲಿನಿಂದ ಇಲ್ಲಿಯ ನಿವಾಸಿಗಳಾಗಿದ್ದರೆಂಬ ದಾಖಲೆ ಬೇಕು. ಆ ಮೇಲೆ ಬಂದವರ ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದರೂ ಇಲ್ಲಿಯ ಪಟ್ಟಿಯಲ್ಲಿಲ್ಲ. ಊರಿನಲ್ಲಿ ಓದದಿರುವುದರಿಂದ ಅಲ್ಲಿಯ ಸೀಟಿಗೂ ಅನೇಕ ವೇಳೆ ತೊಡಕು. ಕಲಬುರಗಿಯ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವರ ಮಕ್ಕಳನ್ನು ನೋಡಿದರೆ ಈ ಮಾತಿನ ಭಾರ ತಿಳಿಯುತ್ತದೆ. ಹಿಂದುಳಿದಿರುವಿಕೆ ಗಡಿ ದಾಟಿ ಅವರೊಡನೆ ಬಂದಿದೆ. ನೆರವು ಮಾತ್ರ ಗಡಿಯಲ್ಲಿಯೇ ನಿಂತಿದೆ.

ಕೋರ್ಟು ಕೊಟ್ಟ ಕಾರಣವೂ ಉಪೇಕ್ಷಿಸತಕ್ಕದ್ದಲ್ಲ. ಇಲ್ಲಿಯ ಪಾಲು ಇಲ್ಲಿಯ ಬಡವರಿಗಾಗಿ ಇಟ್ಟದ್ದು. ಹೊರಗಿನವರು ಬಂದು ಪಡೆದರೆ ಅವರಿಗೆ ಕಡಿಮೆಯಾಗುತ್ತದೆ. ಮೈಸೂರು ಮೈಸೂರಿನವರಿಗೆ ಎಂದು ನಮ್ಮ ಹಿರಿಯರು ಕೂಗಿದ್ದೂ ಇದೇ ನ್ಯಾಯದ ಮೇಲೆ. ಆದರೆ ಎರಡೂ ಬಾಗಿಲುಗಳ ನಡುವೆ ನಿಂತ ಮಗುವಿನ ಕೈಯನ್ನು ಯಾರಾದರೂ ಹಿಡಿಯಬೇಕಲ್ಲವೆ? ಆ ಕೆಲಸ ನಮ್ಮಂಥ ಸಂಘಗಳದು. ಹಳೆಯ ದಾಖಲೆಗಳನ್ನು ಹುಡುಕಿಸಿ ಕೊಡುವುದು, ಕೇಂದ್ರದ ನೌಕರಿಗಳಿಗೆ ಬೇಕಾದ ಸರ್ಟಿಫಿಕೇಟನ್ನು ವೇಳೆಗೆ ಸರಿಯಾಗಿ ಮಾಡಿಸಲು ತಿಳಿಹೇಳುವುದು, ಸಂಜೆಯ ಪಾಠ ನಡೆಸುವುದು, ಜಾತಿಯ ಮಾತೆತ್ತದೆ ಬಡ ಮಕ್ಕಳಿಗೆ ಒಂದಿಷ್ಟು ವಿದ್ಯಾರ್ಥಿವೇತನ ಕೊಡುವುದು ಇವು ನಮ್ಮ ಶಕ್ತಿಗೆ ಮೀರಿದುವಲ್ಲ. ನೂರು ವರ್ಷಗಳ ಹಿಂದೆ ಸಣ್ಣ ಸಣ್ಣ ಸಂಘಗಳು ಹಳ್ಳಿಯ ಹುಡುಗರಿಗೆ ಊಟ ವಸತಿ ಒದಗಿಸಿ ನಾಡನ್ನೇ ಬದಲಿಸಲಿಲ್ಲವೆ?

ನಾಲ್ವಡಿಯವರ ಬಾಳಿನಿಂದ ನಾವು ಕಲಿಯಬೇಕಾದದ್ದು ಇಷ್ಟೆ. ಪಾಲು ಕೇಳಿ ಬಂದವರನ್ನು ಅವರು ಶತ್ರುಗಳೆಂದು ನೋಡಲಿಲ್ಲ. ಬೇಡವೆಂದವರನ್ನೂ ಶತ್ರುಗಳೆಂದು ನೋಡಲಿಲ್ಲ. ಎರಡೂ ಪಕ್ಷಗಳನ್ನು ಒಂದೇ ಮೇಜಿಗೆ ಕರೆಸಿ, ಲೆಕ್ಕ ತೆಗೆಸಿ, ನ್ಯಾಯವೆಂದು ಕಂಡದ್ದನ್ನು ಮಾಡಿ, ಅದರ ಬೆಲೆಯನ್ನು ತಾವೂ ತೆತ್ತರು. ಜೂನ್ ತಿಂಗಳಿನಲ್ಲಿ ನಮ್ಮ ಮಕ್ಕಳ ಅಂಕಪಟ್ಟಿ ಬಂದಾಗ, ನೆರೆಮನೆಯ ಮಗುವಿಗೆ ಸೀಟು ಸಿಕ್ಕಿ ನಮ್ಮ ಮಗುವಿಗೆ ಸಿಗದೆ ಹೋದಾಗ, ಮನಸ್ಸು ನೋಯುವುದು ಸಹಜ. ಆ ನೋವನ್ನು ನೆರೆಯವನ ಮೇಲೆ ಹಗೆಯಾಗಿ ಬೆಳೆಸುವುದು ಮಾತ್ರ ಈ ದೊರೆಯ ನಾಡಿನಿಂದ ಬಂದವರಿಗೆ ಒಪ್ಪುವುದಿಲ್ಲ. ಹೊರನಾಡಿನಲ್ಲಿ ಕನ್ನಡ ಉಳಿಯಬೇಕಾದರೆ ಮೊದಲು ಕನ್ನಡಿಗರು ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಮನಸ್ಸು ಮಾಡಬೇಕು. ಆ ಪಂಕ್ತಿಯಲ್ಲಿ ಇನ್ನೂ ಜಾಗ ಸಿಗದವರಿಗಾಗಿ ಸ್ವಲ್ಪ ಸರಿದು ಕುಳಿತುಕೊಳ್ಳಲೂಬೇಕು. ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ಆ ಮಹನೀಯರ ನೆನಪಿಗೆ ನಮ್ಮ ನಮನಗಳು.